ಬೇಳೆ ಯಾಕೆ ಮೊಳೆಯುವುದಿಲ್ಲ? ಮಗಳಿಗೊಂದು ಪತ್ರ

ಕಲಬುರಗಿ
ಶನಿವಾರ ರಾತ್ರಿ

ಪ್ರೀತಿಯ ಮಗಳಿಗೆ,

ನಿನ್ನೆ ನೀನು ಫೋನ್ ಮಾಡಿದಾಗ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೊಂದು, ಕೈಯಲ್ಲೊಂದು. ಹಾಗಾಗಿ ನೀನು ಕೇಳಿದ್ದಕ್ಕೆಲ್ಲ ಬರೀ ಹೂಂ ಹೂಂ ಅಂದೆ. ಸೋಮವಾರ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅವ್ವಾ ಅಂತ ಕೇಳಿದೆ ಅಲ್ವಾ? ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ನಾಳೆ ನಿಮ್ಮಪ್ಪ ಸುರಪುರದ ಬಸ್ಸಿಗೆ ನಿನ್ನ ಡಬ್ಬಿ ಹಾಕಿ ಕಳಿಸುತ್ತಾರೆ. ಅದರೊಳಗೆ ಈ ಪತ್ರ ಇಟ್ಟಿದ್ದೇನೆ. ಶೇಂಗಾ ಹಿಂಡಿ, ಖಡಕ್ ರೊಟ್ಟಿ ನಿನಗೆ. ಉಳಿದ ಎರಡು ಪೊಟ್ಟಣ ಮತ್ತು ಜೋಳದ ದಂಟು ನಿನ್ನ ಕ್ಲಾಸಿನ ಮಕ್ಕಳಿಗೆ.

ಮೊದಲು ನನ್ನದೊಂದು ತಪ್ಪು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಬೋರ್ಡಿನ ಮೇಲೆ ಜೀವಿಗಳ ಲಕ್ಷಣ ಅಂತ ಸಾಲಾಗಿ ಬರೆದೆ. ಆಹಾರ, ಉಸಿರಾಟ, ಬೆಳವಣಿಗೆ, ಚಲನೆ, ವಿಸರ್ಜನೆ, ಪ್ರತಿಕ್ರಿಯೆ, ಸಂತಾನೋತ್ಪತ್ತಿ. ಮಕ್ಕಳು ರಾಗವಾಗಿ ಓದಿದರು. ನನಗೆ ಖುಷಿ. ಆಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ಟೀಚರ್, ನಮ್ಮ ಕಾಕಾನ ಲೂನಾ ಪೆಟ್ರೋಲ್ ಕುಡೀತದ, ಹೊಗಿ ಬಿಡ್ತದ, ಓಡ್ತದ. ಅದಕ್ಕ ಜೀವ ಅದ ಏನ್ರಿ?" ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವನು ಕೂಡಲಿಲ್ಲ. "ಮತ್ತ ನಮ್ಮ ಮನ್ಯಾಗ ಗಡಿಗ್ಯಾಗ ಬೂದಿ ಹಾಕಿ ತೊಗರಿ ಬೀಜ ಇಟ್ಟೀವಿ. ಏನೂ ತಿನ್ನಂಗಿಲ್ಲ, ಬೆಳ್ಯಂಗಿಲ್ಲ, ಸುಮ್ನ ಕುಂತದ. ಅದು ಸತ್ತದ ಏನ್ರಿ?"

ಗಂಟೆ ಹೊಡೆಯುವ ಹೊತ್ತಾಗಿತ್ತು. "ಹೂಂ, ಬೀಜ ನಿರ್ಜೀವ, ಕೂಡು" ಅಂದುಬಿಟ್ಟೆ.

ನಾಲ್ಕು ದಿನ ಬಿಟ್ಟು ಅವನು ಒಂದು ಒದ್ದೆ ಬಟ್ಟೆ ತಂದು ನನ್ನ ಟೇಬಲ್ ಮೇಲೆ ಬಿಚ್ಚಿಟ್ಟ. ಒಳಗೆ ಮೊಳಕೆ ಬಂದ ತೊಗರಿ. ಒಂದು ಮಾತೂ ಆಡದೆ ತನ್ನ ಜಾಗಕ್ಕೆ ಹೋಗಿ ಕೂತ. ಆ ಸಂಕೋಚ ಇವತ್ತಿಗೂ ಹೋಗಿಲ್ಲ ನೋಡು. ಒಣಗಿದ ಬೀಜ ಸತ್ತಿರುವುದಿಲ್ಲ. ಒಳಗೆ ಕೆಲಸ ತೀರಾ ನಿಧಾನವಾಗಿ ನಡೆದಿರುತ್ತದೆ, ಅಷ್ಟೆ. ಇಸ್ರೇಲಿನಲ್ಲಿ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವನ್ನು 2005ರಲ್ಲಿ ಊರಿದರು. ಅದು ಮೊಳೆತು ಗಿಡವಾಯಿತು.

ಅದಕ್ಕೇ ಹೇಳುವುದು, ಲಕ್ಷಣಗಳ ಪಟ್ಟಿಯಿಂದ ಶುರು ಮಾಡಬೇಡ. ಪೊಟ್ಟಣದಿಂದ ಶುರು ಮಾಡು. ಒಂದರಲ್ಲಿ ಇಡೀ ತೊಗರಿ ಇದೆ, ಇನ್ನೊಂದರಲ್ಲಿ ತೊಗರಿ ಬೇಳೆ. ಸೋಮವಾರ ಎರಡನ್ನೂ ಮಕ್ಕಳ ಕೈಯಿಂದಲೇ ನೆನೆಹಾಕಿಸು, ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಸು. ಯಾವುದು ಮೊಳೆಯುತ್ತದೆ ಅಂತ ಕೈ ಎತ್ತಿಸು. ಉತ್ತರ ಹೇಳಬೇಡ. ಹೊಲದ ಮನೆಯ ಮಕ್ಕಳು ಥಟ್ಟನೆ ಹೇಳಿಬಿಡುತ್ತಾರೆ, ಆದರೆ ಯಾಕೆ ಅಂತ ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ. ಗುರುವಾರ, ಶುಕ್ರವಾರದ ಹೊತ್ತಿಗೆ ತೊಗರಿ ಮೊಳಕೆ ಬಿಟ್ಟಿರುತ್ತದೆ. ಬೇಳೆ ವಾಸನೆ ಬಂದಿರುತ್ತದೆ.

ನಮ್ಮೂರಿನ ದಾಲ್ ಮಿಲ್ಲುಗಳನ್ನು ನೀನು ನೋಡಿದ್ದೀಯ. ತೊಗರಿಗೆ ಎಣ್ಣೆ ಸವರಿ, ನೀರು ಕೊಟ್ಟು, ಒಣಗಿಸಿ, ಸಿಪ್ಪೆ ತೆಗೆದು ಒಡೆಯುತ್ತಾರೆ. ಎರಡು ಹೋಳಿನ ನಡುವೆ ಅಕ್ಕಿ ನುಚ್ಚಿನಷ್ಟು ಸಣ್ಣ ಮೊಳೆ ಇರುತ್ತದೆ. ಒಡೆಯುವಾಗ ಅದು ಮುರಿದು ಹೋಗುತ್ತದೆ. ಬೇಳೆಯಲ್ಲಿ ಉಳಿಯುವುದು ಆ ಮೊಳೆಗೆಂದು ಬೀಜ ಕಟ್ಟಿಟ್ಟ ಬುತ್ತಿ. ಬುತ್ತಿ ಉಣ್ಣಬೇಕಾದವರು ಮಿಲ್ಲಿನ ನುಚ್ಚಿನಲ್ಲಿ ಹೋದರು. ನೆನೆದ ಇಡೀ ಕಾಳೊಂದನ್ನು ಉಗುರಿನಿಂದ ಬಿಡಿಸಿ ಆ ಮೊಳೆ ತೋರಿಸು, ಮಕ್ಕಳು ಮುಗಿಬೀಳುತ್ತಾರೆ.

ಇನ್ನು ದಂಟು. ನೀನು ಚಿಕ್ಕವಳಿದ್ದಾಗ ನಿಮ್ಮ ಅಜ್ಜ ಕಣಕಿಯ ಬಣವೆಯಿಂದ ದಂಟು ಎಳೆದು, ಸಿಪ್ಪೆ ಸುಲಿದು, ಬೆಂಡಿನಿಂದ ಬಂಡಿ ಮಾಡಿಕೊಡುತ್ತಿದ್ದರು. ಆ ಬೆಂಡನ್ನೇ ಹೊಸ ಬ್ಲೇಡಿನಿಂದ ತೆಳ್ಳಗೆ, ಬೆಳಕು ಹಾಯುವ ಹಾಗೆ ಸೀಳಿ ಮೈಕ್ರೋಸ್ಕೋಪಿನ ಕೆಳಗಿಡು. ಜೇನುಹುಟ್ಟಿನ ಹಾಗೆ ಮನೆ ಪಕ್ಕ ಮನೆ ಕಾಣುತ್ತದೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ನೋಡಿದ್ದು ಹೆಚ್ಚುಕಡಿಮೆ ಇದನ್ನೇ. ಅವನ ಹತ್ತಿರ ಇದ್ದದ್ದು ಕಾರ್ಕ್. ಕಾರ್ಕಿಗೂ ನಾವು ಬೆಂಡು ಅಂತಲೇ ಅನ್ನುತ್ತೇವಲ್ಲ. ಸಣ್ಣ ಕೋಣೆ ಅನ್ನುವ ಅರ್ಥದಲ್ಲಿ ಅವನು ಸೆಲ್ ಅಂತ ಹೆಸರಿಟ್ಟ.

ಪುಸ್ತಕದಲ್ಲಿ ಇಷ್ಟಕ್ಕೇ ಮುಗಿಸಿ ಮುಂದೆ ಹೋಗುತ್ತಾರೆ. ನೀನು ಇಲ್ಲಿ ನಿಲ್ಲು. ಹುಕ್ ನೋಡಿದ ಕೋಣೆಗಳು ಖಾಲಿ. ಒಳಗಿದ್ದವರು ಸತ್ತು ಗೋಡೆ ಮಾತ್ರ ಉಳಿದಿತ್ತು. ಜೀವಂತ ಕೋಶ ಕಂಡದ್ದು ಕೆಲ ವರ್ಷದ ಮೇಲೆ, ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ಅನ್ನುವ ಬಟ್ಟೆ ವ್ಯಾಪಾರಿಗೆ. 1674ರಲ್ಲಿ ಅವನು ಕೆರೆ ನೀರಿನ ಹನಿಯಲ್ಲಿ ಓಡಾಡುವ ಪುಟ್ಟ ಜೀವಿಗಳನ್ನು ನೋಡಿದ. ಕಾಲೇಜು ಕಲಿತವನಲ್ಲ, ಮಸೂರ ತಾನೇ ಉಜ್ಜಿ ಮಾಡಿಕೊಳ್ಳುತ್ತಿದ್ದ. ಇದನ್ನು ಹಿಂದಿನ ಬೆಂಚಿಗೆ ಕೇಳುವ ಹಾಗೆ ಹೇಳು.

ಮಕ್ಕಳು ಕೇಳಬೇಕಾದ ಪ್ರಶ್ನೆ ಈಗ ಬರುತ್ತದೆ. ಬೆಂಡಿನಲ್ಲೂ ಕೋಶ, ಹಸಿ ಗಿಡದಲ್ಲೂ ಕೋಶ. ಜೀವ ಇದೆಯೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಕೆಂಪು ಉಳ್ಳಾಗಡ್ಡಿ ಸಾಕು. ಎಲ್ಲರೂ ಒಳಗಿನ ಬಿಳಿ ಪೊರೆ ತೆಗೆದು ಅಯೋಡಿನ್ ಹಾಕಿ ಕೋಶಕೇಂದ್ರ ತೋರಿಸುತ್ತಾರೆ. ಅದನ್ನೂ ಮಾಡು. ಆದರೆ ಒಂದು ಎಸಳಿನ ಹೊರಮೈಯ ನೇರಳೆ ಪೊರೆಯನ್ನೂ ಚಿಮಟದಿಂದ ಎಳೆದು ಒಂದು ಹನಿ ನೀರಿನಲ್ಲಿ ಇಟ್ಟು, ಮೇಲೆ ಕವರ್‌ಸ್ಲಿಪ್ಪಿನ ತೆಳು ಗಾಜು ಮುಚ್ಚು. ಬಣ್ಣ ಹಾಕುವುದೇ ಬೇಡ, ಅದರದ್ದೇ ಬಣ್ಣ ಇದೆ. ಕೋಣೆ ತುಂಬಾ ಗುಲಾಬಿ ರಸ ಕಾಣುತ್ತದೆ. ಈಗ ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಗಟ್ಟಿ ಉಪ್ಪುನೀರು ಬಿಡು, ಇನ್ನೊಂದು ಅಂಚಿನಿಂದ ಬ್ಲಾಟಿಂಗ್ ಪೇಪರಿನಲ್ಲಿ ಹೀರು. ಸ್ವಲ್ಪ ಹೊತ್ತಿಗೆ ಗುಲಾಬಿ ಭಾಗ ಗೋಡೆ ಬಿಟ್ಟು ಒಳಗೆ ಸರಿಯುತ್ತದೆ, ಮುದುಡುತ್ತದೆ. ಗೋಡೆ ಇದ್ದಲ್ಲೇ ಇರುತ್ತದೆ. ನೀರು ಹೊರಗೆ ಹೋಯಿತು, ಬಣ್ಣ ಹೋಗಲಿಲ್ಲ! ಮತ್ತೆ ಸಿಹಿನೀರು ಕೊಟ್ಟರೆ ಉಬ್ಬಿ ಗೋಡೆಗೆ ಬಂದು ಒರಗುತ್ತದೆ. ಉಪ್ಪಲ್ಲಿ ಜಾಸ್ತಿ ಹೊತ್ತು ಬಿಟ್ಟಿರಬಾರದು, ಅಷ್ಟೆ.

ಇನ್ನೊಂದು ಚೂರನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆ. ಬಣ್ಣ ಸೋರಿ ಹೋಗಿರುತ್ತದೆ. ಗೋಡೆಗಳು ಹಾಗೇ ಇವೆ, ಮನೆಗಳ ಸಾಲು ಹಾಗೇ ಇದೆ, ಆದರೆ ಉಪ್ಪುನೀರಿಗೆ ಅದು ಏನೂ ಮಾಡುವುದಿಲ್ಲ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹಿಡಿದಿಡಬೇಕು ಅಂತ ಬಾಗಿಲು ಕಾಯುತ್ತಿದ್ದ, ಗೋಡೆಯ ಒಳಗಿನ ಕೋಶಪೊರೆ ಕುದಿಯಲ್ಲಿ ಹರಿದುಹೋಯಿತು. ಎರಡು ಸ್ಲೈಡನ್ನೂ ಪಕ್ಕಪಕ್ಕ ಇಟ್ಟು ಯಾವುದಕ್ಕೆ ಜೀವ ಇದೆ ಅಂತ ಕೇಳು. ಲೂನಾದ ಪ್ರಶ್ನೆಗೂ ಉತ್ತರ ಇದರ ಆಸುಪಾಸಿನಲ್ಲೇ ಇದೆ. ಲೂನಾ ತನ್ನನ್ನು ತಾನು ಕಾಯ್ದುಕೊಳ್ಳುವುದಿಲ್ಲ, ಪಂಕ್ಚರ್ ಆದರೆ ಅಂಗಡಿಗೆ ನಾವೇ ತಳ್ಳಿಕೊಂಡು ಹೋಗಬೇಕು. ಪೆಟ್ರೋಲ್ ಕುಡಿದು ಮರಿ ಲೂನಾನೂ ಹಾಕುವುದಿಲ್ಲ.

ಆದರೆ ಹುಷಾರು, ಮರಿ ಹಾಕುವುದೇ ಜೀವ ಅಂದರೆ ಯಾರಾದರೂ ಹೇಸರಗತ್ತೆ ಅಂತಾರೆ. ಅದು ಮರಿ ಹಾಕದಿದ್ದರೂ ಅದರ ಮೈಯ ಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಕೋಶದಿಂದಲೇ ಕೋಶ ಅಂತ 1855ರಲ್ಲಿ ಜರ್ಮನಿಯ ಫಿರ್ಕೊ ಹೇಳಿದ್ದನ್ನು ನಮ್ಮ ಮನೆಗಳಲ್ಲಿ ದಿನಾ ರಾತ್ರಿ ಮಾಡುತ್ತೇವೆ. ಮೊಸರಿಗೆ ಮೊಸರೇ ಬೇಕು ಅಲ್ವಾ? ಹೆಪ್ಪಿನೊಳಗಿನ ಬ್ಯಾಕ್ಟೀರಿಯಾದ ಕೋಶಗಳೇ ಹಾಲಿನಲ್ಲಿ ಒಡೆದು ಹೆಚ್ಚುತ್ತವೆ. ಹಾಲು ಸುಡುತ್ತಿರುವಾಗ ಹೆಪ್ಪು ಹಾಕಿದರೆ ಅವು ಸತ್ತು, ಬೆಳಿಗ್ಗೆ ಹಾಲು ಹಾಲಾಗೇ ಇರುತ್ತದೆ. ಹೋದ ವಾರ ನಿಮ್ಮಪ್ಪ ಅದನ್ನೇ ಮಾಡಿ ಹೆಪ್ಪಿಗೆ ಬೈದರು.

ವೈರಸ್ ಬಗ್ಗೆ ಯಾರೋ ಒಬ್ಬರು ಕೇಳೇ ಕೇಳುತ್ತಾರೆ. ಕೋಶದ ಹೊರಗೆ ಅದು ಏನೂ ಮಾಡದು, ಒಳಗೆ ಹೊಕ್ಕರೆ ಆ ಕೋಶದಿಂದಲೇ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಅದನ್ನು ಯಾವ ಸಾಲಿಗೆ ಸೇರಿಸಬೇಕು ಅನ್ನುವುದರಲ್ಲಿ ವಿಜ್ಞಾನಿಗಳಿಗೇ ಒಮ್ಮತ ಇಲ್ಲ ಅಂತ ಹೇಳಿಬಿಡು. ನನ್ನ ಹಾಗೆ ಗಂಟೆಗೆ ಹೆದರಿ ಉತ್ತರ ಕೊಡಬೇಡ.

ಕೆಲಸದ ಮಾತು ಎರಡು. ಕವರ್‌ಸ್ಲಿಪ್ಪನ್ನು ಓರೆಯಾಗಿ ಹಿಡಿದು ಸೂಜಿಯಿಂದ ನಿಧಾನ ಇಳಿಸು. ಗಾಳಿ ಗುಳ್ಳೆ ಬಂದರೆ ಕಪ್ಪು ಅಂಚಿನ ದುಂಡನೆ ವೃತ್ತ ಕಾಣುತ್ತದೆ. ಪ್ರತಿ ವರ್ಷ ಅರ್ಧ ಕ್ಲಾಸು ಅದನ್ನೇ ಜೀವಕೋಶ ಅಂತ ಬರೆದು ಬಣ್ಣ ಹಚ್ಚುತ್ತದೆ. ಇನ್ನೊಂದು, ಮೈಕ್ರೋಸ್ಕೋಪಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸು, ಬಿಸಿಲಿಗೆ ನೇರ ಬೇಡ. ಕಣ್ಣಿಗೆ ಅಪಾಯ. ಬ್ಲೇಡು ನಿನ್ನ ಕೈಯಲ್ಲೇ ಇರಲಿ.

ಉಳ್ಳಾಗಡ್ಡಿ ಕಳಿಸಿಲ್ಲ, ಅಲ್ಲೇ ಸಂತೆಯಲ್ಲಿ ತಗೋ. ಖಾಲಿ ಡಬ್ಬಿ ಮಾತ್ರ ಮರೆಯದೆ ವಾಪಸ್ ಕಳಿಸು, ಅದು ನಿಮ್ಮ ಅಜ್ಜಿಯದು. ಶುಕ್ರವಾರ ರಾತ್ರಿ ಫೋನ್ ಮಾಡು, ಬೇಳೆಗೆ ಎಷ್ಟು ಜನ ಕೈ ಎತ್ತಿದ್ದರು ಅಂತ ಹೇಳು. ಅಷ್ಟೊತ್ತಿಗೆ ರೊಟ್ಟಿ ಮುಗಿಸಿರುತ್ತೇನೆ.

ನಿನ್ನ
ಅವ್ವ