ನಿನ್ನ ಸಂಜೆ ಮಧ್ಯಾಹ್ನವಾಗಿದೆ ಕಣೋ

ಪ್ರೀತಿಯ ಗೆಳೆಯ,

ಮನೆ ಖಾಲಿ ಮಾಡುವಾಗ ಹಳೇ ಚಾದರದಲ್ಲಿ ಸುತ್ತಿ ನನ್ನ ಕೈಗಿಟ್ಟೆಯಲ್ಲ, ಆ ಬಂದರಿನ ಚಿತ್ರ, ಅದರ ವಿಷಯ ಇದು. ಸ್ವಲ್ಪ ಕೂತು ಓದು, ಕೊನೆಗೆ ನೀನೊಂದು ಮಾತು ಹೇಳಬೇಕು.

ಚಿಕ್ಕಂದಿನಲ್ಲಿ ಅದರ ಕೆಳಗೆ ಕೂತು ಜಗಳ ಆಡುತ್ತಿದ್ದದ್ದು ನೆನಪಿದೆಯಾ? ನೀನು ಸಂಜೆ ಅಂತಿದ್ದೆ, ನಾನು ಬೆಳಗ್ಗೆ ಅಂತಿದ್ದೆ. ಇಬ್ಬರೂ ಸೋತಿದ್ದೇವೆ. ಅದು ನಡು ಮಧ್ಯಾಹ್ನ!

ಧೂಳು ತೆಗೆಯೋಣ ಅಂತ ಚೌಕಟ್ಟು ಬಿಚ್ಚಿದೆ. ಚೌಕಟ್ಟಿನ ಮರ ಮುಚ್ಚಿಕೊಂಡಿದ್ದ ಅಂಚಿನಲ್ಲಿ ಒಂದು ಪಟ್ಟಿ ಕಾಣಿಸಿತು. ಎರಡು ಬೆಂಕಿಕಡ್ಡಿ ಜೋಡಿಸಿಟ್ಟಷ್ಟು ಅಗಲ, ಅಷ್ಟೇ. ಅಲ್ಲಿ ಆಕಾಶ ಕಣ್ಣು ಕುಕ್ಕುವ ನೀಲಿ. ಅದರ ಪಕ್ಕದಲ್ಲೇ, ಗೆರೆ ಎಳೆದ ಹಾಗೆ, ನಮಗೆ ಗೊತ್ತಿರುವ ಆ ಹಸಿರುಗಟ್ಟಿದ ಮಂಕು ಆಕಾಶ. ಸುಮಾರು ಹೊತ್ತು ಸುಮ್ನೆ ನೋಡುತ್ತಾ ನಿಂತಿದ್ದೆ.

ಆಗಿರುವುದು ಇಷ್ಟು. ಯಾವನೋ ಪುಣ್ಯಾತ್ಮ ಚೌಕಟ್ಟು ತೆಗೆಯದೆ ಹಾಗೇ ವಾರ್ನಿಷ್ ಬಳಿದಿದ್ದಾನೆ. ಅಂಚಿಗೆ ಅದು ತಾಗಿಲ್ಲ. ಮರದ ರಾಳದಿಂದ ಮಾಡುವ ಆ ಹಳೇ ವಾರ್ನಿಷ್ ವರ್ಷ ಕಳೆದ ಹಾಗೆ ಹಳದಿಯಾಗುತ್ತದೆ. ನೀಲಿಯ ಮೇಲೆ ಹಳದಿ ಕೂತರೆ ಹಸಿರು. ಬಿಳಿ ಹಾಯಿ ಹಳದಿಗಟ್ಟಿತು, ನೇರಳೆ ಛಾಯೆಯ ನೆರಳು ಕಂದಾಯಿತು. ನಿನ್ನ ಸಂಜೆ ಹುಟ್ಟಿದ್ದು ಹೀಗೆ.

ಪಟ್ಟಿ ಕಾಣದಿದ್ದರೂ ನಮಗೆ ಹೊಳೆಯಬೇಕಿತ್ತು ಬಿಡು. ಕಟ್ಟೆಯ ಮೇಲೆ ಬಲೆ ಹೊಲಿಯುತ್ತಾ ಕೂತವನ ನೆರಳು ನೋಡಿದ್ದೀಯಾ? ಚಾಪೆಯ ಹಾಗೆ ಅವನ ಅಡಿಯಲ್ಲೇ ಬಿದ್ದಿದೆ. ಸಂಜೆಯಾಗಿದ್ದರೆ ಅದು ಕಟ್ಟೆಯುದ್ದಕ್ಕೂ ಚಾಚಿಕೊಂಡಿರುತ್ತಿತ್ತು, ಅಲ್ವಾ? ಇಷ್ಟು ವರ್ಷ ಬಣ್ಣ ನೋಡಿದೆವು, ನೆರಳು ನೋಡಲಿಲ್ಲ.

ನಮ್ಮ ಜಗಳ ಚಿಲ್ಲರೆ ಜಗಳವೇನಲ್ಲ. ಫ್ರಾನ್ಸಿನ ಚಿತ್ರಕಾರ ಮೋನೆ 1872ರಲ್ಲಿ ಅಲ್ಲಿನ ಲ ಹಾವ್ರ್ ಬಂದರನ್ನು ಬರೆದ ಚಿತ್ರದ ಹೆಸರಲ್ಲೇ ‘ಸೂರ್ಯೋದಯ’ ಅಂತ ಇದ್ದರೂ, ಅದು ಸೂರ್ಯಾಸ್ತ ಅಂತ ವಾದಿಸಿದವರಿದ್ದರು. ಕೊನೆಗೆ ಡೊನಾಲ್ಡ್ ಓಲ್ಸನ್ ಎಂಬ ಅಮೆರಿಕದ ಖಗೋಳ ವಿಜ್ಞಾನಿ ಸೂರ್ಯನ ದಿಕ್ಕು, ಸಮುದ್ರದ ಉಬ್ಬರ, ಹವಾಮಾನದ ದಾಖಲೆ ಎಲ್ಲ ಸೇರಿಸಿ ಲೆಕ್ಕ ಹಾಕಿದರು. ದೊಡ್ಡ ಹಡಗುಗಳು ಆ ಬಂದರಿನಲ್ಲಿ ಓಡಾಡಲು ಉಬ್ಬರ ಬೇಕಿತ್ತು, ಅದೇ ಸುಳಿವು. ಬಹುಶಃ ನವೆಂಬರ್ 13, ಬೆಳಗ್ಗೆ 7.35ರ ಆಸುಪಾಸು ಅಂದರು. ನಮ್ಮ ಚಿತ್ರಕ್ಕೆ ಅಷ್ಟೆಲ್ಲ ಯಾರು ಮಾಡುತ್ತಾರೆ? ಯಾವ ಊರಿನ ಬಂದರು ಅಂತಲೂ ಹಿಂದೆ ಬರೆದಿಲ್ಲ.

ಹಿಂದೆ ಇರುವುದು ತುಕ್ಕು ಹಿಡಿದ ಸಣ್ಣ ಮೊಳೆಗಳು. ಸ್ಟೇಪ್ಲರ್ ಪಿನ್ನು ಒಂದೂ ಇಲ್ಲ. ಮೂಲೆಗಳಲ್ಲಿ ಬಟ್ಟೆ ಬಿಗಿ ಮಾಡುವ ಮರದ ಬೆಣೆಗಳಿವೆ, ಒಂದು ಬಿದ್ದುಹೋಗಿದೆ. ಎಡಮೂಲೆ ಜೋತಿದ್ದು ಅದಕ್ಕೇ. ಕ್ಯಾನ್ವಾಸ್ ಬಟ್ಟೆ ಅಗಸೆ ನಾರಿನದಂತೆ. ಬಣ್ಣ ಕಲಸುವ ಎಣ್ಣೆ ಅಗಸೆ ಬೀಜದ್ದು. ಒಂದೇ ಗಿಡ ಕೆಳಗೂ ಮೇಲೂ! ನನಗಂತೂ ಇದು ಬಹಳ ಇಷ್ಟವಾಯ್ತು.

ಭೂತಗನ್ನಡಿ ಹಿಡಿದು ಹಾಯಿ ನೋಡಿದೆ. ಬಿಳಿಯನ್ನು ಎಷ್ಟು ದಪ್ಪ ಮೆತ್ತಿದ್ದಾನೆ ಅಂದರೆ ಬ್ರಷ್ಷಿನ ಒಂದು ಕೂದಲು ಅದರಲ್ಲೇ ಸಿಕ್ಕಿಕೊಂಡಿದೆ. ತೆಗೆಯುವಷ್ಟು ವ್ಯವಧಾನ ಇರಲಿಲ್ಲವೇನೋ. ಬಿಸಿಲಲ್ಲೇ ನಿಂತು ಬರೆದಿರಬೇಕು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಚಿತ್ರಕಾರ ತವರದ ಟ್ಯೂಬ್ ಕಂಡುಹಿಡಿದ ಮೇಲೆ ತಾನೇ ಬಣ್ಣ ಹೊತ್ತು ಹೊರಗೆ ಹೋಗುವುದು ಸಲೀಸಾಗಿದ್ದು? ಅದಕ್ಕೂ ಮುಂಚೆ ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಬೇಕು.

ನೀರು ಬರೆದಿರುವ ರೀತಿ ನೋಡಿ ಹೊಟ್ಟೆಕಿಚ್ಚಾಯಿತು. ಹಾಯಿಕಂಬದ ಬಿಂಬವನ್ನು ಮೇಲಿಂದ ಕೆಳಗೆ ಒಂದೇ ಎಳೆತದಲ್ಲಿ ಎಳೆದು, ಒಣಗುವ ಮೊದಲೇ ಅಡ್ಡಡ್ಡ ನಾಲ್ಕು ಗೀರು ಹಾಕಿದ್ದಾನೆ. ಕಂಬ ನೀರಿನಲ್ಲಿ ಅಲ್ಲಾಡುತ್ತಿದೆ. ಎಣ್ಣೆ ಬಣ್ಣ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಆ ಬಿಡುವನ್ನು ಚೆನ್ನಾಗಿ ಬಳಸಿಕೊಂಡಿದ್ದಾನೆ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರಲ್ಲ, ಬಲಮೂಲೆಯ ಸಹಿ ಅರ್ಧ ಹೋಗಿರುವುದು ಅದರಿಂದಲೇ. ಬಿರುಕುಗಳೊಳಗೆ ನೀರು ಇಳಿದರೆ ಬಣ್ಣ ಏಳುತ್ತದೆ. ಆಲೂಗಡ್ಡೆ ಹೋಳಿನಲ್ಲಿ ಉಜ್ಜು ಅಂತ ಹೇಳುವವರ ಮಾತೂ ಕೇಳಬೇಡ.

ಹಳೇ ಚಿತ್ರ ಸರಿಮಾಡುವವರ ಹತ್ತಿರ ತೋರಿಸಿದೆ. ಕಡ್ಡಿಗೆ ಹತ್ತಿ ಸುತ್ತಿ ಮೊದಲು ಉಗುಳು ಹಚ್ಚಿದರು! ನಗಬೇಡ, ಮೇಲಿನ ಕೊಳೆಗೆ ಅದು ನಿಜವಾಗಲೂ ಕೆಲಸ ಮಾಡುತ್ತದೆ, ಎಂಜಲಿನಲ್ಲಿ ಕಿಣ್ವಗಳಿವೆ. ಆಮೇಲೆ ವಾರ್ನಿಷ್ ಕರಗಿಸುವ ದ್ರಾವಣ. ಹತ್ತಿ ಸಿಗರೇಟ್ ಸೇದುವವರ ಬೆರಳಿನ ಬಣ್ಣಕ್ಕೆ ತಿರುಗಿತು. ಆಕಾಶದ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗ ಮಾತ್ರ ತೆಗೆದು ನಿಲ್ಲಿಸಿದ್ದಾರೆ. ಪೂರ್ತಿ ತೆಗೆಯಬೇಕಾ ಅಂತ ಕೇಳಿದರು. ಒಮ್ಮೆ ತೆಗೆದರೆ ಆ ಹಳದಿ ಮತ್ತೆ ಬರುವುದಿಲ್ಲ.

ನನಗೆ ಬಾಯಿ ಬರಲಿಲ್ಲ. ಚಿತ್ರ ಬರೆದವನದು ಮಧ್ಯಾಹ್ನ, ನಿಜ. ಆದರೆ ನಿನ್ನ ಅಪ್ಪ ಕುರ್ಚಿ ತಿರುಗಿಸಿಕೊಂಡು ನೋಡುತ್ತಿದ್ದದ್ದು ಆ ಸಂಜೆಯನ್ನೇ ಅಲ್ವಾ?

ನನ್ನನ್ನು ಕೇಳಿದರೆ ತೆಗೆಸೋಣ. ಆ ನೀಲಿ ನೋಡಿದ ಮೇಲೆ ತಡೆಯಲಾಗುತ್ತಿಲ್ಲ. ಆದರೆ ನೀನು ಬೇಡ ಅಂದರೆ ಬೇಡ. ಚೌಕಟ್ಟು ಇನ್ನೂ ಹಾಕಿಲ್ಲ, ಗೋಡೆಗೆ ಒರಗಿಸಿಟ್ಟಿದ್ದೇನೆ. ಬೇಗ ಬರೆ.

ನಿನ್ನ,
ಬೆಳಗ್ಗೆ ಅಂತ ಹಟ ಹಿಡಿದವನು