ಚಳಿಗಾಲದ ಬಿಸಿಲು ಮತ್ತು ನನ್ನ ಹೂದಾನಿಗಳು

ಪ್ರೀತಿಯ ಗೆಳೆಯಾ,

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ವಾ? ಮೈಸೂರಿನಲ್ಲಿ ಈ ಸಲ ಅದು ಸಂಕ್ರಾಂತಿ ಮುಗಿಯುತ್ತಿದ್ದಂತೆ ಹೊರಟುಹೋಯಿತು. ಜನವರಿ ಇನ್ನೂ ಕಳೆದಿಲ್ಲ, ಮಧ್ಯಾಹ್ನ ತಾರಸಿಯ ಮೇಲೆ ಬರಿಗಾಲಿನಲ್ಲಿ ನಿಲ್ಲಲು ಆಗುವುದಿಲ್ಲ. 2023ರ ಫೆಬ್ರವರಿ ನೆನಪಿದೆಯಾ? ದೇಶದಲ್ಲಿ 1901ರಿಂದೀಚೆಗೆ ಹಗಲು ಅಷ್ಟು ಕಾದ ಫೆಬ್ರವರಿ ಬಂದಿರಲಿಲ್ಲ ಎಂದು ಹವಾಮಾನ ಇಲಾಖೆ ಆಗ ಹೇಳಿತ್ತು. ಈಗಲೂ ಅದೇ ಥರದ ಬಿಸಿಲು.

ಗಿಡಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಕಣೋ. ಬೆಳಿಗ್ಗೆ ಬಿರಿದ ಗುಲಾಬಿ ಮರುದಿನಕ್ಕೆ ಎಸಳು ಚೆಲ್ಲುತ್ತದೆ. ಹೂವೂ ಸಣ್ಣದು, ಕೆಂಪೂ ಮಾಸಲು. ಗುಲಾಬಿಗೆ ಆ ಗಾಢ ಬಣ್ಣ ಬರಬೇಕಾದರೆ ತಂಪು ಬೇಕು. ಸೇವಂತಿಗೆಯ ಎಸಳಿನ ತುದಿ ಕಂದಿದೆ. ಸುಗಂಧರಾಜ ಮಾತ್ರ ಗೆಲುವಾಗಿದೆ, ಅದಕ್ಕೆ ಬಿಸಿಲೆಂದರೆ ಪ್ರೀತಿ. ಮಲ್ಲಿಗೆ ಬಳ್ಳಿಯಲ್ಲೂ ಆಗಲೇ ಮೊಗ್ಗು ಕಾಣಿಸಿದೆ.

ಹೂವು ಗಿಡದಲ್ಲೇ ಇರಬೇಕು, ಕಿತ್ತು ತಂದರೆ ಅದರ ಆಯಸ್ಸು ಕಡಿಮೆ ಎಂದು ನೀನು ಯಾವಾಗಲೂ ವಾದ ಮಾಡುತ್ತೀಯ. ತಂಪಿನ ದಿನಗಳಿಗೆ ಆ ಮಾತು ಒಪ್ಪುತ್ತೇನೆ. ಈ ಬಿಸಿಲಿಗೆ ಒಪ್ಪುವುದಿಲ್ಲ. ಹೊರಗೆ ಸಂಜೆಯೊಳಗೆ ಬಾಡುವ ಗುಲಾಬಿ ಒಳಗಿನ ನೆರಳಲ್ಲಿ ಮೂರು ದಿನ ಮುಖ ಅರಳಿಸಿಕೊಂಡು ಕೂರುತ್ತದೆ. ಅದನ್ನು ಉಳಿಸಿಕೊಳ್ಳುವ ದಾರಿ ಇದೇ ಎಂದು ನನಗೆ ಅನಿಸುತ್ತದೆ. ಅಮ್ಮ ದೇವರಿಗೆ ಬೇಕಾದಷ್ಟು ಬಿಡಿಸಿಕೊಂಡ ಮೇಲೆ ಉಳಿದದ್ದೆಲ್ಲ ನನ್ನದು.

ಕೊಯ್ಯುವ ಹೊತ್ತು ಬಹಳ ಮುಖ್ಯ. ಬಿಸಿಲು ಏರುವ ಮೊದಲೇ ಕತ್ತರಿಸಬೇಕು. ರಾತ್ರಿಯೆಲ್ಲ ಬೇರು ನೀರು ಎಳೆದಿರುತ್ತದೆ, ದಂಟು ತುಂಬಿರುತ್ತದೆ. ಹತ್ತು ಗಂಟೆಗೆ ಹೋದರೆ ಅದೇ ದಂಟು ಒಣಗಿ ಸೊರಗಿರುತ್ತದೆ. ಗುಲಾಬಿಯನ್ನು ಹೊರಗಿನ ಎಸಳು ಸ್ವಲ್ಪ ಸಡಿಲವಾದಾಗ ತೆಗೆಯುತ್ತೇನೆ. ಗಿಡದ ಪಕ್ಕದಲ್ಲೇ ನೀರಿನ ಬಕೆಟ್ ಇಟ್ಟುಕೊಳ್ಳುತ್ತೇನೆ. ಮನೆಗೆ ತಂದು, ದಂಟಿನ ತುದಿಯನ್ನು ನೀರಿನೊಳಗೇ ಹಿಡಿದು ಮತ್ತೊಮ್ಮೆ ಓರೆಯಾಗಿ ಕತ್ತರಿಸುತ್ತೇನೆ. ಹೊರಗೆ ಕತ್ತರಿಸಿದರೆ ದಂಟು ಗಾಳಿ ಎಳೆದುಕೊಳ್ಳುತ್ತದೆ. ಆ ಗುಳ್ಳೆ ನೀರಿನ ದಾರಿಗೆ ಅಡ್ಡ ಕೂತರೆ, ನೀರು ತುಂಬಿದ ಹೂದಾನಿಯಲ್ಲೇ ಹೂವು ಬಾಯಾರಿ ಸಾಯುತ್ತದೆ.

ಆಮೇಲೆ ನೀರು. ಸೆಕೆಗೆ ಅದು ಒಂದೇ ದಿನದಲ್ಲಿ ಕೊಳೆಯುತ್ತದೆ. ಬ್ಯಾಕ್ಟೀರಿಯಾ ಬೆಳೆದು ದಂಟಿನ ತುದಿ ಲೋಳೆಗಟ್ಟುತ್ತದೆ. ನೀರಿಗೆ ತಾಗುವ ಎಲೆ ಒಂದೂ ಉಳಿಯಬಾರದು. ಸೇವಂತಿಗೆ, ಚೆಂಡು ಹೂವಿನ ಎಲೆ ಮುಳುಗಿದರಂತೂ ವಾಸನೆ ತಡೆಯಲು ಆಗುವುದಿಲ್ಲ. ಸುಮ್ನೆ ಸಕ್ಕರೆ ಹಾಕು ಎನ್ನುವವರ ಮಾತು ಕೇಳಬೇಡ. ಬರೀ ಸಕ್ಕರೆ ಹೂವಿಗಿಂತ ಜಾಸ್ತಿ ಬ್ಯಾಕ್ಟೀರಿಯಾಕ್ಕೆ ಊಟ. ಹಾಕುವುದಾದರೆ ಜೊತೆಗೆ ನಿಂಬೆರಸವೂ ಇರಲಿ. ನಾನು ದಿನವೂ ನೀರು ಬದಲಿಸಿ, ಹೂದಾನಿ ತಿಕ್ಕಿ ತೊಳೆಯುತ್ತೇನೆ, ಅಷ್ಟೇ.

ಫ್ಯಾನಿನ ಕೆಳಗೆ ಇಡಬೇಡ. ಬಾಳೆಹಣ್ಣಿನ ಬುಟ್ಟಿಯ ಹತ್ತಿರವಂತೂ ಬೇಡವೇ ಬೇಡ. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲ ಹೂವನ್ನೂ ಬೇಗ ಮುದಿಯಾಗಿಸುತ್ತದೆ.

ಜೋಡಿಸುವ ರೀತಿಯೂ ಈಗ ಬದಲಾಗಿದೆ. ಹೂದಾನಿ ತುಂಬಾ ತುರುಕುವುದನ್ನು ಬಿಟ್ಟಿದ್ದೇನೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಇಕೆಬಾನ ಅನ್ನುವ ಜಪಾನಿ ಹೂಜೋಡಣೆ ನೋಡಿದ್ದೆವಲ್ಲ, ಒಂದು ಎತ್ತರದ ಕಡ್ಡಿ, ಒಂದು ನಡುವಿನದು, ಒಂದು ಗಿಡ್ಡ, ಉಳಿದದ್ದೆಲ್ಲ ಖಾಲಿ ಜಾಗ. ಸೆಕೆಯಲ್ಲಿ ಆ ಖಾಲಿ ಜಾಗವೇ ಕಣ್ಣಿಗೆ ತಂಪು. ಅಜ್ಜಿಯ ಹಿತ್ತಾಳೆ ಚೊಂಬಿನಲ್ಲಿ ಎರಡು ಗುಲಾಬಿ, ಪಕ್ಕಕ್ಕೆ ಬಾಗಿದ ಒಂದು ಜರಿಗಿಡದ ಎಲೆ. ಎತ್ತರದ ಗಾಜಿನ ಬಾಟಲಿಯಲ್ಲಿ ಸುಗಂಧರಾಜದ ಒಂದೇ ಕಡ್ಡಿ. ಅದು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಬಾಡಿದ ಹೂವನ್ನು ಆಗಾಗ ಚಿವುಟಿದರೆ ಮೇಲಿನ ಮೊಗ್ಗುಗಳಿಗೂ ಬಲ ಬರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಅದರ ಘಮ ಇನ್ನೂ ಜಾಸ್ತಿ. ದಾಸವಾಳವನ್ನು ಮಾತ್ರ ನೀರಿಗೆ ಹಾಕುವುದಿಲ್ಲ. ಅದರ ಬಾಳು ಹೇಗೂ ಒಂದೇ ದಿನ, ತಟ್ಟೆಯಲ್ಲಿ ಹಾಗೇ ಇಟ್ಟರೂ ಸಂಜೆಯವರೆಗೆ ನಗುತ್ತಿರುತ್ತದೆ.

ನಿಮ್ಮ ಸಾಗರದ ಕಡೆ ಬೆಳಿಗ್ಗೆ ಇನ್ನೂ ಇಬ್ಬನಿ ಬೀಳುತ್ತಿದೆಯಾ? ಬರೆದು ತಿಳಿಸು. ಮೇ ತಿಂಗಳಲ್ಲಿ ಬರುವಾಗ ನಿಮ್ಮ ಅಂಗಳದ ಡೇರೆ ಹೂವಿನ ಗೆಡ್ಡೆ ನಾಲ್ಕು ಕಟ್ಟಿಕೊಂಡು ಬಾ. ಆ ಕಡುಗೆಂಪಿನದು ಇರಲೇಬೇಕು. ಮಳೆ ಹಿಡಿಯುವ ಮೊದಲು ನೆಟ್ಟುಬಿಡುತ್ತೇನೆ.

ನಿನ್ನ ಗೆಳತಿ