ಊರಿಗೆ ಹೊರಡುವ ಮುನ್ನ: ಮನೆ ಕಂಪ್ಯೂಟರಿಗೆ ರಿಮೋಟ್ ಡೆಸ್ಕ್‌ಟಾಪ್

ಎಲ್ಲರ ಗಮನಕ್ಕೆ. ರಿಮೋಟ್ ಡೆಸ್ಕ್‌ಟಾಪ್ ಅಂದರೆ ದೂರದಿಂದಲೇ ಮನೆಯ ವಿಂಡೋಸ್ ಕಂಪ್ಯೂಟರಿನ ಪರದೆ ನೋಡಿ ಬಳಸುವ ಸೌಲಭ್ಯ. ಮೊದಲು ವಿಂಡೋಸ್ ಎಡಿಷನ್ ನೋಡಿಕೊಳ್ಳಿ. ಹೋಮ್ ಇದ್ದರೆ ಬೇರೆ ಕಂಪ್ಯೂಟರಿಗೆ ಹೋಗಬಹುದು, ಅದರೊಳಗೆ ಬರಲು ಆಗುವುದಿಲ್ಲ. ಪ್ರೊ ಬೇಕು.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ. ಪವರ್‌ನಲ್ಲಿ ಸ್ಲೀಪ್ 'ನೆವರ್' ಇರಲಿ. ಹೆಚ್ಚಿನವರು ಸಿಕ್ಕಿಬೀಳುವುದು ಲಾಗಿನ್‌ನಲ್ಲಿ: ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡೇ ಹಾಕಬೇಕು. ಪಾಸ್‌ವರ್ಡ್ ಖಾಲಿ ಬಿಟ್ಟಿದ್ದರೂ ಒಳಗೆ ಬಿಡುವುದಿಲ್ಲ.

ದಯವಿಟ್ಟು ರೌಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಸಂಪರ್ಕದ ಬಾಗಿಲು) ತೆರೆಯಬೇಡಿ. ತೆರೆದ ಪೋರ್ಟ್ ಹುಡುಕಿ ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಅಲ್ಲದೆ ರೌಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ) 100.64ರಿಂದ 100.127ರೊಳಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ (ಅಂದರೆ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ), ಪೋರ್ಟ್ ತೆರೆದರೂ ಪ್ರಯೋಜನವಿಲ್ಲ.

ಬದಲಿಗೆ ಮನೆ ಕಂಪ್ಯೂಟರ್, ಜೊತೆಗೆ ಒಯ್ಯುವ ಸಾಧನ ಎರಡರಲ್ಲೂ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ವಿಪಿಎನ್ ಆ್ಯಪ್) ಹಾಕಿ, ಒಂದೇ ಅಕೌಂಟಿನಲ್ಲಿ ಲಾಗಿನ್ ಆಗಿ, ಅದು ಮನೆ ಕಂಪ್ಯೂಟರಿಗೆ ಕೊಡುವ ವಿಳಾಸಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಿಂದ ಕನೆಕ್ಟ್ ಮಾಡಿ. (ಅದೂ 100ರಿಂದಲೇ ಶುರುವಾಗುತ್ತದೆ, ಗೊಂದಲ ಬೇಡ.) ಮನೆ ಕಂಪ್ಯೂಟರಿನ ಟೇಲ್‌ಸ್ಕೇಲ್‌ನಲ್ಲಿ 'ರನ್ ಅನ್‌ಅಟೆಂಡೆಡ್' ಟಿಕ್ ಮಾಡಿ, ಇಲ್ಲದಿದ್ದರೆ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದಾಗ ಯಾರಾದರೂ ಲಾಗಿನ್ ಆಗುವವರೆಗೆ ಸಂಪರ್ಕ ಸಿಗದು.

ಹೊರಡುವ ಮುಂಚೆ ಜೊತೆಗೆ ಒಯ್ಯುವ ಸಾಧನದ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ಕನೆಕ್ಟ್ ಮಾಡಿ ನೋಡಿ. ತೊಡಕಾದರೆ ಎರರ್ ಕೋಡ್ ಸಮೇತ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ಪಾಸ್‌ವರ್ಡ್ ಮಾತ್ರ ಹಾಕಬೇಡಿ.